ಸೇಡು ಯಾರದು?

ಓದುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಮಂಚದ ಕೆಳಗೆ ಅಮೆರಿಕದ ಕಾಮಿಕ್ಸ್ ಪುಸ್ತಕವೊಂದು ಸಿಗುವುದುಂಟು. ಕಸ ಗುಡಿಸುವಾಗ ಎತ್ತಿ ಮೇಜಿನ ಮೇಲಿಡುವ ನಾವು ಅದನ್ನು ಬಿಡಿಸಿ ನೋಡುವುದು ಕಡಿಮೆ. ಮುಖವಾಡ, ಮೈಗಂಟಿದ ಉಡುಪು, ಗುದ್ದಾಟ. ಅದು ಗಂಡುಹುಡುಗರ ಲೋಕ ಎಂಬ ತಾತ್ಸಾರ ನಮಗೆ. ಬಿಡಿಸಿ ನೋಡಿದರೆ ಆ ಗುದ್ದಾಟದ ಹಿಂದೆ ಎಷ್ಟೋ ಸಲ ಒಂದು ಸಾವಿರುತ್ತದೆ. ಆ ಸಾವು ಹೆಚ್ಚಾಗಿ ಹೆಣ್ಣಿನದು.

ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ. ಅದೇ ವರ್ಷದ ಕೊನೆಗೆ ಅವನ ಪೂರ್ವಕತೆಯೂ ಬಂತು. ಕಣ್ಣೆದುರೇ ತಂದೆ ತಾಯಿ ಕೊಲೆಯಾದದ್ದನ್ನು ಕಂಡ ಹುಡುಗ ಪಾತಕಿಗಳ ವಿರುದ್ಧ ಶಪಥ ತೊಟ್ಟ. 1974ರಲ್ಲಿ ಸ್ಪೈಡರ್‌ಮ್ಯಾನ್ ಪತ್ರಿಕೆಯ 129ನೇ ಸಂಚಿಕೆಯಲ್ಲಿ ಪನಿಷರ್ ಬಂದ. ಎದೆಯ ಮೇಲೆ ತಲೆಬುರುಡೆಯ ಚಿತ್ರ, ಕೈಯಲ್ಲಿ ಬಂದೂಕು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅವನ ಹೆಂಡತಿ ಮಕ್ಕಳು ಪಾತಕಿಗಳ ಗುಂಡಿಗೆ ಬಲಿಯಾಗಿದ್ದರು. ಆ ಸಂಚಿಕೆಯನ್ನು ಬರೆದ ಜೆರ್ರಿ ಕಾನ್ವೇ ಹಿಂದಿನ ವರ್ಷವಷ್ಟೇ ಸ್ಪೈಡರ್‌ಮ್ಯಾನನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕತೆಯಲ್ಲಿ ಸಾಯಿಸಿದ್ದರು.

ಇಂಥ ಇಬ್ಬರು ವೀರರನ್ನು ಜೋಡಿ ಮಾಡುವುದು ಪ್ರಕಾಶಕರಿಗೆ ಲಾಭದ ಕೆಲಸ. ಇಬ್ಬರ ಅಭಿಮಾನಿಗಳೂ ಕೊಳ್ಳುತ್ತಾರಲ್ಲ! ಪ್ರತಿಸ್ಪರ್ಧಿಗಳಾದ ಡಿಸಿ ಮತ್ತು ಮಾರ್ವೆಲ್ ಸಂಸ್ಥೆಗಳು 1976ರಲ್ಲಿ ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್ ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ತಂದವು. ಅದನ್ನು ಬರೆದವರೂ ಕಾನ್ವೇಯೇ. ಇಂಥ ಕತೆಗಳಲ್ಲಿ ವೀರರು ಮೊದಲು ಕಾದಾಡುತ್ತಾರೆ, ಆಮೇಲೆ ಕೈಜೋಡಿಸುತ್ತಾರೆ. ಬ್ಯಾಟ್‌ಮ್ಯಾನ್ ಮತ್ತು ಪನಿಷರ್ 1994ರಲ್ಲಿ ಜೋಡಿಯಾದಾಗ ಮಾತ್ರ ಜಗಳ ಬಗೆಹರಿಯಲಿಲ್ಲ. ಪನಿಷರ್ ಜೋಕರನನ್ನು ಕೊಲ್ಲಲು ಹೊರಟಾಗ ಬ್ಯಾಟ್‌ಮ್ಯಾನ್ ತಡೆಯುತ್ತಾನೆ. ಇಬ್ಬರ ಗಾಯವೂ ಒಂದೇ ಬಗೆಯದು. ಒಬ್ಬ ಕೊಲ್ಲುವುದಿಲ್ಲ ಎಂದುಕೊಂಡ, ಇನ್ನೊಬ್ಬ ಕೊಲ್ಲುವುದನ್ನೇ ವ್ರತ ಮಾಡಿಕೊಂಡ.

ದೊಡ್ಡ ಪ್ರಶ್ನೆಯೇನೋ ಹೌದು. ಆದರೆ ನನ್ನನ್ನು ಕಾಡುವುದು ಪನಿಷರನ ಹೆಂಡತಿ ಮರಿಯಾ. ಅವಳಿಗೆ ಏನು ಬೇಕಿತ್ತು? ನಮ್ಮ ರನ್ನನ 'ಗದಾಯುದ್ಧ'ದಲ್ಲಿ ಭೀಮನ ಸೇಡಿನ ಹಿಂದೆ ದ್ರೌಪದಿ ಇದ್ದಾಳೆ. ಜೀವಂತವಾಗಿದ್ದಾಳೆ, ಗಂಡನೆದುರು ನಿಂತು ಮಾತಾಡುತ್ತಾಳೆ. ಮರಿಯಾಳಿಗೆ ಆ ಅವಕಾಶವೇ ಇಲ್ಲ.

ಇದನ್ನು ಗಟ್ಟಿಯಾಗಿ ಕೇಳಿದವರು ಕೇಶಾಲಂಕಾರದ ಕೆಲಸ ಮಾಡಿಕೊಂಡಿದ್ದ ಗೇಲ್ ಸಿಮೋನ್ ಎಂಬ ಓದುಗಿ. ವೀರಕತೆಗಳಲ್ಲಿ ಸತ್ತ, ಊನಗೊಂಡ, ಶಕ್ತಿ ಕಳೆದುಕೊಂಡ ಹೆಂಗಸರ ಪಟ್ಟಿಯೊಂದನ್ನು 1999ರಲ್ಲಿ ಆಕೆ ಎಲ್ಲರ ಮುಂದಿಟ್ಟರು. 1994ರ ಗ್ರೀನ್ ಲ್ಯಾಂಟರ್ನ್ ಕತೆಯಲ್ಲಿ ನಾಯಕನ ಪ್ರೇಯಸಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಿದ್ದರಲ್ಲ, ಪಟ್ಟಿಗೆ ಹೆಸರು ಬಂದದ್ದು ಅದರಿಂದಲೇ: 'ಫ್ರಿಜ್ಜುಗಳಲ್ಲಿನ ಹೆಂಗಸರು'.

ಆ ಪಟ್ಟಿಯಲ್ಲಿ ಬಾರ್ಬರಾ ಗಾರ್ಡನ್ ಕೂಡ ಇದ್ದಳು. ಹಿಂದೆ ಬ್ಯಾಟ್‌ಗರ್ಲ್ ಆಗಿದ್ದ ಈಕೆಯನ್ನು 1988ರ 'ದಿ ಕಿಲ್ಲಿಂಗ್ ಜೋಕ್' ಕತೆಯಲ್ಲಿ ಜೋಕರ್ ಗುಂಡಿಟ್ಟು ಕೆಡಹುತ್ತಾನೆ. ಅವನ ಗುರಿ ಅವಳಲ್ಲ, ಪೊಲೀಸ್ ಕಮಿಷನರ್ ಆದ ಅವಳ ಅಪ್ಪನಿಗೆ ಹುಚ್ಚು ಹಿಡಿಸುವುದು! ಕೊನೆಯ ಪುಟದಲ್ಲಿ ಬ್ಯಾಟ್‌ಮ್ಯಾನ್ ಮತ್ತು ಜೋಕರ್ ಸೇರಿ ನಗುತ್ತಾರೆ. ಬಾರ್ಬರಾ ಎಲ್ಲಿ? ಆಸ್ಪತ್ರೆಯಲ್ಲಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ.

ಅವಳನ್ನು ಅಲ್ಲಿಂದ ಎತ್ತಿ ತಂದವರು ಕಿಮ್ ಯೇಲ್ ಎಂಬ ಲೇಖಕಿ ಮತ್ತು ಅವರ ಪತಿ ಜಾನ್ ಆಸ್ಟ್ರಾಂಡರ್. 1989ರಿಂದ ಬಾರ್ಬರಾ ಗಾಲಿಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಮೂಲಕ ವೀರರಿಗೆಲ್ಲ ಮಾಹಿತಿ ಒದಗಿಸುವ 'ಆರಕಲ್' ಆದಳು. 1996ರಲ್ಲಿ ಬ್ಲ್ಯಾಕ್ ಕ್ಯಾನರಿ ಎಂಬ ಹೋರಾಟಗಾರ್ತಿಯೊಂದಿಗೆ ಅವಳ ಜೋಡಿಯಾಯಿತು. ಅದೇ 'ಬರ್ಡ್ಸ್ ಆಫ್ ಪ್ರೇ'. ಪಟ್ಟಿ ಮಾಡಿದ್ದ ಸಿಮೋನ್ ಅವರೇ 2003ರಲ್ಲಿ ಆ ಮಾಲಿಕೆಯ ಬರವಣಿಗೆಯನ್ನು ವಹಿಸಿಕೊಂಡರು. ಹೆಲೆನಾ ಬರ್ಟಿನೆಲ್ಲಿಯನ್ನು ತಂಡಕ್ಕೆ ತಂದರು. ಚಿಕ್ಕಂದಿನಲ್ಲೇ ತನ್ನವರನ್ನೆಲ್ಲ ಮಾಫಿಯಾದ ಕೈಯಲ್ಲಿ ಕಳೆದುಕೊಂಡು, ಸೇಡಿಗಾಗಿಯೇ ಬಿಲ್ಲು ಹಿಡಿದು 'ಹಂಟ್ರೆಸ್' ಆದವಳು ಈಕೆ.

ಈ ಹೆಂಗಸರು ಕೂಡಿದಾಗಲೂ ಜಗಳವಾಗುತ್ತದೆ. ಹೆಲೆನಾಳ ಒರಟುತನ ಬಾರ್ಬರಾಳಿಗೆ ಸೇರದು, ಬಾರ್ಬರಾಳ ಯಜಮಾನಿಕೆ ಹೆಲೆನಾಳಿಗೆ ಸೇರದು. ಆದರೆ ಕೋಪ ಅವರದೇ, ಅದನ್ನು ಏನು ಮಾಡಬೇಕೆಂಬ ಮಾತೂ ಅವರದೇ. ಇನ್ನೊಬ್ಬರ ಸೇಡಿಗೆ ನೆಪವಾಗಿ ಬಿದ್ದಿದ್ದ ಬಾರ್ಬರಾ, ಜೋಕರನ ಲೆಕ್ಕ ತೀರುವವರೆಗೆ ಕಾಯದೆ, ಬೆಳಗಾದರೆ ತನ್ನ ಕೆಲಸಕ್ಕೆ ಕೂತಳು.