ಕೃಷ್ಣಸಾರವೂ ಏಣವೂ: ಬೇಟೆಗಾರರ ವಯೋನಿರ್ಣಯವನ್ನು ಕುರಿತು ಒಂದು ವಿಚಾರ

ನಮ್ಮ ಪಾಠಶಾಲೆಗಳಲ್ಲಿ ಸಂಸ್ಕೃತಕಾವ್ಯಗಳಿಗೂ ಹಳಗನ್ನಡ ಕಾವ್ಯಗಳಿಗೂ ಅರ್ಥ ಹೇಳುವಾಗ ಕೃಷ್ಣಸಾರ, ಏಣ, ಹರಿಣ, ಕುರಂಗ, ಎರಳೆ, ಪುಲ್ಲೆ ಎಂಬ ಶಬ್ದಗಳೆಲ್ಲಕ್ಕೂ ‘ಜಿಂಕೆ’ ಎಂಬ ಒಂದೇ ಅರ್ಥವನ್ನು ಕೊಟ್ಟು ಮುಂದೆ ಸಾಗುವುದು ರೂಢಿಯಾಗಿದೆ. ಪದ್ಯದ ತಾತ್ಪರ್ಯಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಪರಂತು ಇವುಗಳಲ್ಲಿ ಕೆಲವು ಶಬ್ದಗಳಾದರೂ ಜಾತಿವಾಚಕಗಳಾಗಿ ಕೋಶಗಳಲ್ಲಿ ನೆಲೆಗೊಳ್ಳುವುದಕ್ಕೆ ಮುಂಚೆ ಒಂದೇ ಮೃಗದ ಲಿಂಗವನ್ನೂ ವಯಸ್ಸನ್ನೂ ಗುರುತಿಸುವ ಬೇಟೆಗಾರರ ಮಾತುಗಳಾಗಿದ್ದುವೆಂದು ನನ್ನ ಅಭಿಪ್ರಾಯ. ಇದನ್ನು ಶಾಸ್ತ್ರಗ್ರಂಥಗಳ ಆಧಾರದಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಮೃಗದ ಸ್ವಭಾವವನ್ನು ತಿಳಿಯಬೇಕು. ಉತ್ತರಕರ್ಣಾಟಕದಲ್ಲಿ ಚಿಗರಿಯೆಂದು ಕರೆಯುವ ಕೃಷ್ಣಮೃಗವು ಹುಟ್ಟುವಾಗ ಗಂಡಾಗಲಿ ಹೆಣ್ಣಾಗಲಿ ತಿಳಿಯಾದ ಕಂದುಬಣ್ಣದ್ದಾಗಿರುತ್ತದೆ. ಹೊಟ್ಟೆಯ ಕೆಳಭಾಗವೂ ಕಣ್ಣಿನ ಸುತ್ತಣ ಉಂಗುರವೂ ಬಿಳಿದು. ಹೆಣ್ಣು ಜನ್ಮವಿಡೀ ಇದೇ ವರ್ಣದಲ್ಲಿರುವುದು. ಅದಕ್ಕೆ ಸಾಮಾನ್ಯವಾಗಿ ಕೊಂಬಿಲ್ಲ. ಗಂಡಿಗಾದರೋ ಮೊದಲು ನೇರವಾದ ಮೊಳೆಯಂತಹ ಕೊಂಬು ಮೂಡಿ, ವಯಸ್ಸು ಏರಿದಂತೆ ಅದು ತಿರುಚಿಕೊಳ್ಳುತ್ತ ಹೋಗಿ ಕಡೆಗೆ ಮೂರು ನಾಲ್ಕು ಸುತ್ತುಗಳಾಗುತ್ತವೆ. ಮೂರು ವರ್ಷಗಳ ಸುಮಾರಿಗೆ ಬೆನ್ನು, ಪಕ್ಕೆ, ಕೊರಳುಗಳು ಕಪ್ಪಾಗುತ್ತವೆ. ಹೆಗ್ಗತ್ತಿನ ಹಿಂಭಾಗದಲ್ಲಿ ಮಾತ್ರ ಕಂದುಬಣ್ಣ ಉಳಿದಿರುತ್ತದೆ. ಆದುದರಿಂದ ಬಯಲಿನಲ್ಲಿ ದೂರದಿಂದ ನೋಡಿದ ಬೇಟೆಗಾರನಿಗೆ ಕಪ್ಪುಬಣ್ಣವೇ ಪ್ರಾಯದ ಮೊದಲ ಸಾಕ್ಷಿ, ಕೊಂಬಿನ ಸುತ್ತು ಎರಡನೆಯ ಸಾಕ್ಷಿ. ಇವೆರಡರಲ್ಲಿ ಕೊಂಬೇ ಹೆಚ್ಚು ನಂಬತಕ್ಕದ್ದು. ಏಕೆಂದರೆ ಬೇಸಗೆಯಲ್ಲಿ ಕಪ್ಪು ಮಾಸಿ ಕಂದಿಗೆ ತಿರುಗುವುದುಂಟು. ದಕ್ಷಿಣದೇಶದ ಗಂಡುಗಳಲ್ಲಿ ಅನೇಕವು ಪೂರ್ಣಪ್ರಾಯದಲ್ಲಿಯೂ ಕಡುಗಂದಾಗಿಯೇ ಇರುತ್ತವೆ.

ಇಲ್ಲಿ ಇನ್ನೊಂದು ವಿವೇಚನೆ ಅವಶ್ಯ. ಕೃಷ್ಣಮೃಗದ ಕೊಂಬು ಆಕಳಿನ ಕೊಂಬಿನಂತೆ ಬೀಳದೆ ಬೆಳೆಯುವಂತಹುದು. ಪೃಷತವೆಂಬ ಚುಕ್ಕೆಯ ಜಿಂಕೆ, ಶಂಬರವೆಂಬ ಕಡವೆ, ಇವುಗಳ ಕವಲುಗೊಂಬಾದರೋ ಆಗಾಗ ಉದುರಿ ಮತ್ತೆ ಹೊಸದಾಗಿ ಹುಟ್ಟುತ್ತದೆ. ಪ್ರಾಯಕ್ಕೆ ಬಂದ ಇವುಗಳ ಒಂದೊಂದು ಕೊಂಬಿಗೂ ಸಾಮಾನ್ಯವಾಗಿ ಮೂರೇ ಕವಲು. ಐದು ವರ್ಷದ್ದಕ್ಕೂ ಎಂಟು ವರ್ಷದ್ದಕ್ಕೂ ಕವಲಿನ ಲೆಕ್ಕ ಒಂದೇ ಆಗಿರುವುದರಿಂದ ಅದನ್ನೆಣಿಸಿ ವಯಸ್ಸು ಹೇಳುವುದು ಸಾಧ್ಯವಿಲ್ಲ. ಕೊಂಬಿನ ದಪ್ಪ, ಕೊರಳಿನ ತೋರ, ಇಳಿಬಿದ್ದ ಬೆನ್ನು, ಹಲ್ಲಿನ ಸವೆತ, ಇವುಗಳನ್ನು ನೋಡಬೇಕಾಗುತ್ತದೆ. ಐರೋಪ್ಯರ ಕೆಂಜಿಂಕೆಗೆ ಕವಲುಗಳು ಹೆಚ್ಚು. ಆದಕಾರಣ ಅಲ್ಲಿಯ ರಾಜರು ಹತ್ತು ಕವಲಿನ ಗಂಡನ್ನೇ ಬೇಟೆಗೆ ಯೋಗ್ಯವೆಂದೆಣಿಸಿದರು. ಫ್ರಾನ್ಸಿನಲ್ಲಿ ಗಾಸ್ತೋಂ ಫೇಬೂಸನು ೧೩೮೭ರಲ್ಲಿ ಬರೆಯಲಾರಂಭಿಸಿದ ಬೇಟೆಯ ಗ್ರಂಥದಲ್ಲಿಯೂ, ಅದನ್ನು ೧೪೦೬ರಿಂದೀಚೆಗೆ ಇಂಗ್ಲಿಷಿಗೆ ತಂದ ಯಾರ್ಕಿನ ಎಡ್ವರ್ಡನ ಗ್ರಂಥದಲ್ಲಿಯೂ ಹೆಜ್ಜೆಯ ಅಗಲ, ಹಿಕ್ಕೆಯ ಆಕಾರ, ಕೊಂಬುಜ್ಜಿದ ಮರದ ಎತ್ತರ, ಇವುಗಳಿಂದ ಕಾಣದ ಮೃಗದ ಪ್ರಾಯವನ್ನು ಊಹಿಸುವ ಕ್ರಮವು ಹೇಳಲ್ಪಟ್ಟಿದೆ. ಅವರ ಭಾಷೆಯಲ್ಲಿ ಗಂಡುಮೃಗಕ್ಕೆ ವರ್ಷವರ್ಷಕ್ಕೂ ಬೇರೆ ಬೇರೆ ಹೆಸರು. ನಮ್ಮವರು ಅಂತಹ ಗ್ರಂಥವನ್ನು ಇದಕ್ಕಾಗಿಯೇ ಬರೆಯಲಿಲ್ಲ. ತಮ್ಮ ಅನುಭವವನ್ನು ಶಬ್ದಗಳಲ್ಲಿ ಇಟ್ಟರು.

ಈಗ ಶಬ್ದಗಳ ವಿಚಾರಕ್ಕೆ ಬರೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ ನಲವತ್ತಾರನೆಯ ಅಧ್ಯಾಯದಲ್ಲಿ ಮಾಂಸಗುಣಗಳನ್ನು ಹೇಳುವಾಗ ಏಣವು ಕಪ್ಪಾದುದೆಂದೂ, ಹರಿಣವು ತಾಮ್ರವರ್ಣದ್ದೆಂದೂ, ಎರಡೂ ಅಲ್ಲದುದು ಕುರಂಗವೆಂದೂ ವಿಭಾಗಿಸಿದೆ. ಅಮರಸಿಂಹನಾದರೋ ಹರಿಣ, ಕುರಂಗಗಳನ್ನು ಮೃಗಸಾಮಾನ್ಯಕ್ಕೆ ಪರ್ಯಾಯಗಳನ್ನಾಗಿ ಕೊಟ್ಟು, ಕೃಷ್ಣಸಾರವನ್ನೂ ಏಣವನ್ನೂ ಮೃಗವಿಶೇಷಗಳಲ್ಲಿ ಬೇರೆ ಬೇರೆಯಾಗಿ ಎಣಿಸಿದ್ದಾನೆ. ವೈದ್ಯನು ಕಪ್ಪೆಂದ ಏಣಕ್ಕೂ ಹೆಸರಿನಲ್ಲಿಯೇ ಕಪ್ಪನ್ನು ಹೊತ್ತ ಕೃಷ್ಣಸಾರಕ್ಕೂ ಭೇದವೇನು? ಕಪ್ಪುಬೆನ್ನಿನ ಮೃಗವು ನಮ್ಮ ಬಯಲುಗಳಲ್ಲಿ ಒಂದೇ. ಅದೂ ಗಂಡು, ಅದೂ ಪ್ರಾಯದ್ದು. ಸುಶ್ರುತನ ಮೂರು ವರ್ಗಗಳೂ ಒಂದೇ ಮೃಗದ ಅವಸ್ಥಾಭೇದಗಳೆಂದು ಸಾಧಿಸಲು ನಾನು ಹೊರಟಿಲ್ಲ. ತಾಮ್ರವರ್ಣದಲ್ಲಿ ಚಿಂಕಾರವೂ ಸೇರಿರಬಹುದು. ಆದರೆ ವರ್ಣವನ್ನೇ ಲಕ್ಷಣವನ್ನಾಗಿ ಹಿಡಿದಾಗ ಒಂದೇ ಹಿಂಡಿನ ತಂದೆಯೊಂದು ವರ್ಗಕ್ಕೂ ತಾಯಿಮರಿಗಳು ಮತ್ತೊಂದು ವರ್ಗಕ್ಕೂ ಸೇರಿಹೋಗುವುದು ಅನಿವಾರ್ಯ. ಕೃಷ್ಣಸಾರಶಬ್ದವನ್ನು ಕೃಷ್ಣಶಾರವೆಂದೂ ಓದುವುದುಂಟು. ಶಾರವೆಂದರೆ ಶಬಲವರ್ಣ, ಕಪ್ಪುಬಿಳುಪುಗಳು ಕೂಡಿದುದು. ಈ ವ್ಯುತ್ಪತ್ತಿಯು ಮೂರು ವರ್ಷ ತುಂಬಿದ ಗಂಡಿಗೆ ಎಷ್ಟು ಸರಿಯಾಗಿ ಒಪ್ಪುವುದೋ ಹೆಣ್ಣಿಗೂ ಮರಿಗೂ ಅಷ್ಟೇ ಒಪ್ಪದು.

ಯಜ್ಞಶಾಸ್ತ್ರದಲ್ಲಿ ಈ ಭೇದಕ್ಕೆ ಹೆಚ್ಚಿನ ಬೆಲೆಯಿದೆ. ಕೃಷ್ಣಾಜಿನವಿಲ್ಲದೆ ದೀಕ್ಷೆಯಿಲ್ಲ. ಶತಪಥಬ್ರಾಹ್ಮಣವು ಆ ಚರ್ಮದ ಬಿಳಿಯ ಮತ್ತು ಕರಿಯ ರೋಮಗಳನ್ನು ಋಕ್ಸಾಮಗಳಿಗೂ, ಕಂದುಹಳದಿಯ ರೋಮಗಳನ್ನು ಯಜುಸ್ಸಿಗೂ ಸಮೀಕರಿಸುತ್ತದೆ. ಇದು ಬರಿಯ ಅರ್ಥವಾದವೆಂದು ತಳ್ಳಿಹಾಕತಕ್ಕುದಲ್ಲ. ಮೂರು ವರ್ಣಗಳೂ ಒಂದೇ ಚರ್ಮದಲ್ಲಿ ದೊರೆಯುವುದು ಪ್ರಾಯದ ಗಂಡಿನಲ್ಲಿ. ಹೆಗ್ಗತ್ತಿನ ಕಂದುಬಣ್ಣದ ವಿಷಯವನ್ನು ಮೇಲೆಯೇ ಹೇಳಿದೆ. ಆ ವಾಕ್ಯವನ್ನು ನುಡಿದವನು ಚರ್ಮವನ್ನು ಕೈಯಲ್ಲಿ ಹಿಡಿದು ನೋಡಿದವನು.

ಉಪನಯನದ ಅಜಿನದಲ್ಲಿ ತೊಡಕೊಂದಿದೆ. ಬ್ರಾಹ್ಮಣವಟುವಿಗೆ ಮನುವು ಕಾರ್ಷ್ಣಾಜಿನವನ್ನು ವಿಧಿಸಿದರೆ, ಆಶ್ವಲಾಯನ ಪಾರಸ್ಕರ ಗೃಹ್ಯಸೂತ್ರಗಳು ಐಣೇಯವೆನ್ನುತ್ತವೆ. ಪಾಣಿನಿಯು ನಾಲ್ಕನೆಯ ಅಧ್ಯಾಯದಲ್ಲಿ ಏಣೀ ಎಂಬ ಸ್ತ್ರೀಲಿಂಗಶಬ್ದಕ್ಕೆ ಪ್ರತ್ಯೇಕವಾದ ಪ್ರತ್ಯಯವನ್ನು ವಿಧಿಸಿ ಐಣೇಯವನ್ನು ಸಾಧಿಸುತ್ತಾನೆ. ಅಮರನೂ ಹೆಣ್ಣಿನ ಚರ್ಮಾದಿಗಳು ಐಣೇಯ, ಗಂಡಿನವು ಐಣ ಎಂದು ಸ್ಪಷ್ಟವಾಗಿ ಬೇರ್ಪಡಿಸಿದ್ದಾನೆ. ಹಾಗಾದರೆ ಸೂತ್ರಕಾರರ ವಟು ಕಂದುಬಣ್ಣದ ಹೆಣ್ಣಿನ ಚರ್ಮವನ್ನೂ ಮನುವಿನ ವಟು ಕರಿಯ ಗಂಡಿನ ಚರ್ಮವನ್ನೂ ಹೊದೆದನೆ? ಐಣೇಯಶಬ್ದವು ಸಾಮಾನ್ಯಾರ್ಥದಲ್ಲಿ ಪ್ರಯುಕ್ತವಾಗಿದೆಯೆಂದು ಸಮಾಧಾನ ಹೇಳಬಹುದು. ನನಗೆ ಅದು ರುಚಿಸುವುದಿಲ್ಲ. ಹೆಣ್ಣಿನ ಚರ್ಮಕ್ಕೂ ಗಂಡಿನ ಚರ್ಮಕ್ಕೂ ವ್ಯವಹಾರದಲ್ಲಿ ಭೇದವಿಲ್ಲದಿದ್ದರೆ ವೈಯಾಕರಣನು ಬೇರೆ ಪ್ರತ್ಯಯವನ್ನು ಹುಡುಕುವ ಶ್ರಮವನ್ನೇ ಪಡುತ್ತಿರಲಿಲ್ಲ. ಶಾಖಾಭೇದದಿಂದ ಆಚಾರಭೇದವಿತ್ತೆಂದೊಪ್ಪುವುದೇ ಲೇಸು.

ಕಾಲಿದಾಸನಿಗೆ ಈ ವಿವೇಕವು ಸಂಪೂರ್ಣವಾಗಿ ಇತ್ತು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ಅಟ್ಟಿ ಬರುವುದು ಕೃಷ್ಣಸಾರವನ್ನು. ರಾಜನ ಬಾಣಕ್ಕೆ ತಕ್ಕ ಪ್ರಾಯದ ಗಂಡನ್ನು. ಆರನೆಯ ಅಂಕದಲ್ಲಿ ವಿರಹಿಯಾದ ರಾಜನು ಚಿತ್ರದಲ್ಲಿ ಬರೆಯಬೇಕೆಂದು ಬಯಸುವುದು ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣನ್ನು. ಕುಮಾರಸಂಭವದ ಮೂರನೆಯ ಸರ್ಗದಲ್ಲಿಯೂ ಕೃಷ್ಣಸಾರವು ಕೊಂಬಿನಿಂದ ತುರಿಸುವಾಗ ಹೆಣ್ಣು ಕಣ್ಮುಚ್ಚುವುದು. ಕೊಂಬು ಗಂಡಿನದು, ಹೆಣ್ಣಿಗೆ ಕೊಂಬಿಲ್ಲ. ಚೂಪಾದ ಆ ಕೊಂಬಿನ ತುದಿಗೆ ಕಣ್ಣನ್ನೊಡ್ಡುವ ವಿಶ್ವಾಸದಲ್ಲಿಯೇ ರಸವಿರುವುದು. ‘ಜಿಂಕೆಯು ಜಿಂಕೆಯ ಕೊಂಬಿಗೆ’ ಎಂದು ಅನುವಾದಿಸಿದರೆ ಅಲ್ಲಿ ಉಳಿಯುವುದೇನು?

ಕನ್ನಡನಾಡಿನಲ್ಲಿ ಬೇಟೆಯನ್ನು ಶಾಸ್ತ್ರೀಯವಾಗಿ ವಿವರಿಸಿದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು. ಕ್ರಿ. ಶ. ೧೧೩೦ರ ಸುಮಾರಿನಲ್ಲಿ ರಚಿತವಾದ ಅವನ ಮಾನಸೋಲ್ಲಾಸದ ನಾಲ್ಕನೆಯ ವಿಂಶತಿಯಲ್ಲಿ ಮೃಗಯಾವಿನೋದವು ಬಂದಿದೆ. ಪಳಗಿಸಿದ ಮೃಗವನ್ನು ಮುಂದಿಟ್ಟು ಕಾಡಿನ ಮೃಗವನ್ನು ಸೆಳೆಯುವ ಕ್ರಮವು ಅಲ್ಲಿ ಉಕ್ತವಾಗಿದೆ. ಸಾಕಿದ ಗಂಡಿನ ಕೊಂಬಿಗೆ ಬಲೆಯನ್ನು ಕಟ್ಟಿ ಬಿಟ್ಟು, ಕಾದಲು ಬಂದ ಕಾಡುಗಂಡನ್ನು ಸಿಕ್ಕಿಸುವ ಉಪಾಯವನ್ನು ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನೂ ಆಯಿನೆ ಅಕ್ಬರಿಯಲ್ಲಿ ವರ್ಣಿಸಿದ್ದಾನೆ. ಈ ಉಪಾಯದ ಯುಕ್ತಿಯನ್ನು ಗಮನಿಸಬೇಕು. ತನ್ನ ನೆಲೆಯೊಳಕ್ಕೆ ಪರಗಂಡು ನುಗ್ಗಿತೆಂದು ಕೆರಳುವುದು ನೆಲೆಯನ್ನು ಗೆದ್ದು ಹಿಡಿದ ಪ್ರಾಯದ ಗಂಡು ಮಾತ್ರ. ಎಳೆಯ ಗಂಡು ದೂರ ಸರಿಯುವುದು, ಹೆಣ್ಣು ಹಿಂಡಿನೊಡನೆ ಹೋಗುವುದು. ಬೇಟೆಗಾರನು ವಯಸ್ಸನ್ನು ನಿರ್ಣಯಿಸುವ ಅವಶ್ಯಕತೆಯೇ ಇಲ್ಲದಂತೆ ಮೃಗವೇ ತನ್ನ ಪ್ರಾಯವನ್ನು ತಾನೇ ಹೇಳಿಕೊಂಡು ಬರುತ್ತದೆ. ಜಹಾಂಗೀರನು ಇಂತಹ ಕಾದಾಟದಲ್ಲಿ ಮೇಲಾಗಿದ್ದ ತನ್ನ ಮನ್ಸರಾಜನೆಂಬ ಸಾಕುಮೃಗವು ಸತ್ತಾಗ ಅದಕ್ಕೆ ಗೋರಿಯನ್ನೇ ಕಟ್ಟಿಸಿದನು. ಅಲ್ಲಿಯ ಹಿರನ್ ಮಿನಾರ್ ಎಂಬ ಗೋಪುರವು ಈಗ ಪಾಕಿಸ್ತಾನದ ಶೇಖೂಪುರದಲ್ಲಿದೆ.

ಕೊನೆಯದಾಗಿ ನಮ್ಮ ಎರಳೆ. ಕಿಟ್ಟೆಲರು ೧೮೯೪ರ ನಿಘಂಟಿನಲ್ಲಿ ಇದನ್ನು ಮೃಗಜಾತಿಯ ಹೆಸರನ್ನಾಗಿಯೇ ಕೊಟ್ಟಿದ್ದಾರೆ. ಆದರೆ ಇದರ ಸೋದರಶಬ್ದವಾದ ತಮಿಳಿನ ‘ಇರಲೈ’ಯನ್ನು ತೊಲ್ಕಾಪ್ಪಿಯದ ಮರಪಿಯಲ್ ಪ್ರಕರಣವು ‘ಪುಲ್‌ವಾಯ್’ ಎಂಬ ಮೃಗದ ಗಂಡಿಗೆ ಸಲ್ಲುವ ಹೆಸರುಗಳಲ್ಲಿ ಸೇರಿಸಿದೆ. ಹೆಣ್ಣಿಗೆ ‘ಪಿಣೈ’ ಎಂಬುದು ಬೇರೆ. ಮೂಲದ್ರಾವಿಡದಲ್ಲಿ ಈ ಶಬ್ದವು ಗಂಡುಮೃಗಕ್ಕೇ ಮೀಸಲಾಗಿದ್ದು ಕನ್ನಡದಲ್ಲಿ ಅರ್ಥವಿಸ್ತಾರವನ್ನು ಪಡೆದಿರುವುದು ಸಂಭವ. ಹಾಗಿದ್ದರೆ ನಾಯಿಕೆಯರನ್ನು ಎರಳೆಗಣ್ಣಿನವರೆಂದು ಕರೆದ ನಮ್ಮ ಕವಿಗಳು ಅರಿಯದೆಯೇ ಅವರಿಗೆ ಗಂಡುಮೃಗದ ಕಣ್ಣುಗಳನ್ನು ಕೊಟ್ಟಂತಾಯಿತು! ಇದನ್ನು ದೋಷವೆಂದು ನಾನು ಹೇಳುವುದಿಲ್ಲ, ರೂಢಿಯು ಯೋಗಕ್ಕಿಂತ ಬಲವತ್ತರವಷ್ಟೆ.

೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಕೃಷ್ಣಮೃಗದ ಬೇಟೆಯು ನಿಷಿದ್ಧವಾಗಿದೆ. ೧೯೭೪ರಲ್ಲಿ ರಾಣಿಬೆನ್ನೂರಿನ ಬಳಿ ಅವುಗಳಿಗಾಗಿ ಅಭಯಾರಣ್ಯವಾಯಿತು. ಶಾಕುಂತಲದ ಮೊದಲನೆಯ ಅಂಕವನ್ನು ಪಾಠ ಹೇಳುವವರು ಒಮ್ಮೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿ, ಕಂದುಬಣ್ಣದ ಹಿಂಡಿನಿಂದ ಸ್ವಲ್ಪ ದೂರದಲ್ಲಿ ಒಂಟಿಯಾಗಿ ನಿಂತ ಕರಿಯ ಗಂಡನ್ನು ಅವರಿಗೆ ತೋರಿಸಬಹುದು.