ಸೂರಿನಾಚೆಯ ಕುಟುಂಬ: ಸಿದ್ದರಬೆಟ್ಟ ಸೀಮೆಯಲ್ಲಿ ಸಾಮಾಜಿಕ ತನಿಖಾ ವರದಿ

2015ರ ಬಾಲನ್ಯಾಯ ಕಾಯ್ದೆಯ 36ನೇ ಕಲಮಿನಂತೆ, ರಕ್ಷಣೆ ಬೇಕಾದ ಮಗುವಿನ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಇದಕ್ಕಾಗಿ ಸಮಾಜ ಕಾರ್ಯಕರ್ತರು ತುಂಬುವ ನಮೂನೆ 22ರಲ್ಲಿ ಕುಟುಂಬದವರ ಹೆಸರು, ವಯಸ್ಸು, ಉದ್ಯೋಗ, ಆದಾಯಗಳಿಗೆ ಅಂಕಣಗಳಿವೆ. ಒಂದೇ ಸೂರಿನಡಿ ಬಾಳುವವರನ್ನು ಈ ಅಂಕಣಗಳಲ್ಲಿ ಸುಲಭವಾಗಿ ಕೂರಿಸಬಹುದು. ಆದರೆ ತುಮಕೂರು ಜಿಲ್ಲೆಯ ಸಿದ್ದರಬೆಟ್ಟದ ಸುತ್ತಣ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳಲ್ಲಿ ಮಗುವನ್ನು ಸಾಕುವವರು ಎಷ್ಟೋ ಸಲ ಬೇರೆ ಬೇರೆ ಸೂರುಗಳಡಿ ಇರುತ್ತಾರೆ. ಮನೆವಾರ್ತೆಯೂ ಕುಟುಂಬವೂ ಒಂದೇ ಅಲ್ಲವೆಂದು ಸಮಾಜಶಾಸ್ತ್ರಜ್ಞ ಎ.ಎಂ. ಶಾ 1973ರಲ್ಲೇ ವಾದಿಸಿದ್ದರು. ನಮ್ಮ ನಮೂನೆಗಳಿಗೆ ಆ ಮಾತು ಇನ್ನೂ ತಟ್ಟಿಲ್ಲ.

ಮಳೆ ಕೈಕೊಟ್ಟರೆ ಈ ಸೀಮೆಯ ದಂಪತಿಗಳು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. 2023ರಿಂದ ತಿಂಗಳಿಗೆ 2,000 ರೂಪಾಯಿ ಕೊಡುವ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ಹಣ ಪಡಿತರ ಚೀಟಿಯ ಯಜಮಾನಿಗೆ ಸಲ್ಲುತ್ತದೆ. ಅಜ್ಜಿಯ ಚೀಟಿ ಬೇರೆಯಾಗಿದ್ದರೆ, ಮಗುವಿನ ಮನೆಯ ಚೀಟಿಯಲ್ಲಿ ಯಜಮಾನಿ ತಾಯಿ, ಉಣಬಡಿಸುವವಳು ಅಜ್ಜಿ. ಪಾವಗಡದ ಸೌರ ಪಾರ್ಕಿನ ಸುಮಾರು 13,000 ಎಕರೆಯಲ್ಲಿ ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ. ಆದ್ದರಿಂದ ಆದಾಯದ ಮೊತ್ತವನ್ನಷ್ಟೇ ಬರೆದರೆ ಸಾಲದು, ಆ ಹಣ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನೂ ದಾಖಲಿಸಬೇಕು.

ಈ ನಮೂನೆಗೆ ಇನ್ನೂ ಕಠಿಣವಾದ ಪರೀಕ್ಷೆ ಪಶುಪಾಲಕ ಸಮುದಾಯವಾದ ಕಾಡುಗೊಲ್ಲರ ಹಟ್ಟಿಗಳಲ್ಲಿ ಎದುರಾಗುತ್ತದೆ. ಅಲ್ಲಿ ಅಣ್ಣತಮ್ಮಂದಿರು, ಒಂದೇ ಗುಡಿಗೆ ನಡೆದುಕೊಳ್ಳುವ ಗುಡಿಕಟ್ಟಿನವರು, ಪೂಜಾರಿ, ಹಿರಿಯರು ಎಲ್ಲರೂ ಸೇರಿದ ಬಳಗವೇ ಕುಟುಂಬ. ಕಷ್ಟಕ್ಕೆ ಒದಗುವವರೂ ಅವರೇ, ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಿಗೆ ಕಳಿಸುವವರೂ ಅವರೇ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟ ತಾಯಿಯ ಹಸುಗೂಸು ತೀರಿಕೊಂಡಿತು. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬೇರ್ಪಡಿಸುವುದು ರಾಜ್ಯದ 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆಯಡಿ ಅಪರಾಧ. ಆದರೂ ಆ ಸಾವು ಸಂಭವಿಸಿತು. ಕಾನೂನು ಅಗತ್ಯ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊಕದ್ದಮೆಯ ಭಯ ಮಾತ್ರ ಉಳಿದರೆ ಗುಡಿಸಲು ಅಧಿಕಾರಿಗಳ ಕಣ್ಣಿಗೆ ಬೀಳದಷ್ಟು ದೂರಕ್ಕೆ ಸರಿಯಬಹುದು.

ಸಮಾಜಕಾರ್ಯ ತಜ್ಞೆ ಆ್ಯನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ 'ಇಕೋಮ್ಯಾಪ್' ಎಂಬ ಸಂಬಂಧನಕ್ಷೆ ಇಲ್ಲಿ ನಿಜಕ್ಕೂ ಉಪಯುಕ್ತ. ಅದರಲ್ಲಿ ಆಸರೆಯ ಗೆರೆಯನ್ನೂ ಒತ್ತಡದ ಗೆರೆಯನ್ನೂ ಬೇರೆಯಾಗಿ ಎಳೆಯಬಹುದು. ಹಟ್ಟಿಯಲ್ಲಿ ಒಬ್ಬರಿಗೇ ಎರಡೂ ಗೆರೆ ಬೀಳುತ್ತವೆ. ಅತ್ತೆಗೆ ಸೊಸೆಯ ಮೇಲೆ ಅಕ್ಕರೆಯಿದೆ, ದೇವರ ಮುನಿಸಿನ ಭಯವೂ ಇದೆ. ಹೆರಿಗೆಗೆ ತಿಂಗಳುಗಳ ಮೊದಲೇ ಆಶಾ ಕಾರ್ಯಕರ್ತೆಯೊಂದಿಗೆ ಆ ಅತ್ತೆಯನ್ನೂ ಪೂಜಾರಿಯನ್ನೂ ಕೂರಿಸಿಕೊಂಡು ಮಾತನಾಡಬೇಕು. ಬಾಣಂತಿ ಯಾವ ಕೋಣೆಯಲ್ಲಿರುತ್ತಾಳೆ, ರಾತ್ರಿ ಜೊತೆಗೆ ಯಾರು, ಮಗುವಿನ ಮೈ ತಣ್ಣಗಾದರೆ ವಾಹನ ಕರೆಸುವವರು ಯಾರು ಎಂಬುದನ್ನು ಅಲ್ಲೇ ಗೊತ್ತುಮಾಡಿ, ಆ ಹೆಸರುಗಳನ್ನು ವರದಿಯಲ್ಲಿ ಬರೆಯಬೇಕು.