ಕಚ್ಚು, ಮೊನೆ ಮತ್ತು ಕೆಂಪು ಚುಕ್ಕೆ

1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಹೊರತಂದ ನೇವಿ ರಿವಾಲ್ವರಿನಲ್ಲಿ ಗುರಿ ಹಿಡಿಯುವ ಹಿಂದಿನ ಸೈಟನ್ನು ಹುಡುಕಿದರೆ ಸುಲಭವಾಗಿ ಕಾಣಸಿಗದು. ಗುಂಡು ಸಿಡಿಸುವ ಸುತ್ತಿಗೆಯಾದ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿದಾಗ ಮಾತ್ರ ಅದರ ನೆತ್ತಿಯಲ್ಲಿ ಕೊರೆದ ಕಿರಿದಾದ ಕಚ್ಚು ಕಣ್ಣಿನ ನೇರಕ್ಕೆ ಬಂದು, ನಳಿಗೆಯ ತುದಿಯ ಹಿತ್ತಾಳೆಯ ಮೊನೆ ಅದರ ನಡುವೆ ಕೂಡುತ್ತದೆ. ಕೋಲ್ಟ್ ಸಂಸ್ಥೆಯ 1873ರ ಪ್ರಸಿದ್ಧ ಸೈನಿಕ ರಿವಾಲ್ವರಿನಲ್ಲಿ ಆ ಕಚ್ಚೂ ಹೋಗಿ ಚೌಕಟ್ಟಿನ ಬೆನ್ನಮೇಲೆ ಒಂದು ಗೀರು ಮಾತ್ರ ಉಳಿಯಿತು. ಆತ್ಮರಕ್ಷಣೆಯ ಆಯುಧಕ್ಕೆ ಸೂಕ್ಷ್ಮವಾದ ಗುರಿಸಾಧನ ಅನಾವಶ್ಯಕವೆಂಬ ಭಾವನೆ ಅಂದು ಬಲವಾಗಿದ್ದಿತು. ಶಾಂಘೈ ನಗರದ ಪೊಲೀಸರನ್ನು ತರಬೇತುಗೊಳಿಸಿದ ಫೇರ್‌ಬೇರ್ನ್ ಮತ್ತು ಸೈಕ್ಸ್ 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಸಮೀಪದ ಕಾಳಗಕ್ಕೆ ಸೈಟುಗಳ ಹಂಗಿಲ್ಲದ ಸಹಜ ಗುರಿಯನ್ನೇ ಬೋಧಿಸಿದರು. ಆದರೆ ಕ್ಯಾಲಿಫೋರ್ನಿಯದ ಜಾಕ್ ವೀವರ್ ಎರಡೂ ಕೈಗಳಿಂದ ಆಯುಧವನ್ನು ಹಿಡಿದು, ಕಣ್ಣಿನ ಎತ್ತರಕ್ಕೆ ತಂದು, ಸೈಟನ್ನು ನೋಡಿಯೇ ಹೊಡೆದು ಸ್ಪರ್ಧೆಗಳಲ್ಲಿ ಗೆದ್ದುದನ್ನು ಕಂಡ ಮೇಲೆ ಪಿಸ್ತೂಲು ಶಿಕ್ಷಕ ಜೆಫ್ ಕೂಪರ್ ಮೊದಲಾದವರು ತಮ್ಮ ಬೋಧನೆಯನ್ನೇ ಬದಲಿಸಿದರು.

ಆದರೆ ಕಬ್ಬಿಣದ ಸೈಟಿಗೆ ಒಂದು ಜನ್ಮದೋಷವಿದೆ. ಹಿಂದಿನ ಕಚ್ಚು, ಮುಂದಿನ ಮೊನೆ, ದೂರದ ಗುರಿ ಎಂಬ ಮೂರನ್ನು ಅದು ಏಕಕಾಲದಲ್ಲಿ ನೋಡೆನ್ನುತ್ತದೆ. ಮನುಷ್ಯನ ಕಣ್ಣಾದರೋ ಒಂದು ಸಲಕ್ಕೆ ಒಂದು ದೂರವನ್ನಷ್ಟೇ ಸ್ಪಷ್ಟವಾಗಿ ಗ್ರಹಿಸಬಲ್ಲದು. ಆದುದರಿಂದ ಸೈಟನ್ನು ಬೋಧಿಸಿದ ಗುರುಗಳು ಮೊನೆಯ ಮೇಲೆ ದೃಷ್ಟಿಯಿಡಿ, ಗುರಿ ಮಸುಕಾದರೂ ಚಿಂತೆಯಿಲ್ಲ ಎಂದು ಕಲಿಸಿದರು. ನಲವತ್ತು ದಾಟಿ ಚಾಳೀಸು ಬಂದವರಿಗೆ ಆ ಮೊನೆಯೂ ಮಂಜಾಗುತ್ತದೆ.

ಇದಕ್ಕೆ ಪರಿಹಾರ ಹೊಳೆದದ್ದು ಶಸ್ತ್ರಗಾರನಿಗಲ್ಲ, ದೂರದರ್ಶಕಗಳನ್ನು ನಿರ್ಮಿಸುತ್ತಿದ್ದ ಡಬ್ಲಿನ್ನಿನ ಹೋವರ್ಡ್ ಗ್ರಬ್ಬನಿಗೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಬೆಳಕಿನ ಗುರುತೊಂದನ್ನು ಸಮಾನಾಂತರ ಕಿರಣಗಳಾಗಿಸಿ ಪಾರದರ್ಶಕ ಗಾಜಿನಲ್ಲಿ ಪ್ರತಿಫಲಿಸಿದರೆ ಅದು ಅನಂತ ದೂರದಲ್ಲಿರುವಂತೆ ತೋರುವುದೆಂಬುದನ್ನು ಆಧರಿಸಿ 1900ರಲ್ಲಿ ಆತನು ಪ್ರತಿಫಲಕ ಸೈಟಿಗೆ ಪೇಟೆಂಟ್ ಪಡೆದನು. 1918ರಲ್ಲಿ ಜರ್ಮನಿಯ ಯುದ್ಧವಿಮಾನಗಳಲ್ಲಿ ಅದನ್ನು ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಅದು ಸರ್ವಸಾಮಾನ್ಯವಾಯಿತು. ಸಣ್ಣ ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ದೀಪ ದೊರೆತ ಮೇಲೆ, 1975ರಲ್ಲಿ, ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಅದನ್ನು ಗಾಜಿನಲ್ಲಿ ಕೆಂಪು ಚುಕ್ಕೆ ತೋರುವ ಸೈಟಾಗಿ ಬಂದೂಕಿಗೆ ಇಳಿಸಿತು. ಪಿಸ್ತೂಲಿನ ಹಾದಿ ಇನ್ನೂ ಕಠಿಣ. ಪ್ರತಿ ಗುಂಡಿಗೂ ಹಿಂದಕ್ಕೆ ಧಾವಿಸಿ ಮರಳುವ ಸ್ಲೈಡಿನ ಮೇಲೆ ಗಾಜೂ ದೀಪವೂ ಬಾಳಬೇಕಲ್ಲ! ಗ್ಲಾಕ್ ಸಂಸ್ಥೆ ಇಂತಹ ಸೈಟನ್ನು ಕೂರಿಸಲು ಅನುವಾಗಿ ಕೆತ್ತಿದ ಪಿಸ್ತೂಲುಗಳನ್ನು ಮಾರುಕಟ್ಟೆಗೆ ತಂದುದು 2015ರಲ್ಲಿ. 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಎಂ17 ಪಿಸ್ತೂಲಿನಲ್ಲಿಯೂ ಅದಕ್ಕೆ ಎಡೆಯಿತ್ತು.

ಆದರೆ ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗೆ ಇಂದಿಗೂ ಕಚ್ಚು-ಮೊನೆಗಳ ತೆರೆದ ಸೈಟೇ ವಿಧಿ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಕಂಚಿನ ಪದಕಗಳನ್ನು ಗಳಿಸಿದುದು ಅಂತಹ ಸೈಟಿನಿಂದಲೇ. ಅಲ್ಲಿ ಗುರಿಯೆಂಬುದು ಕದಲದ ಫಲಕವಾದುದರಿಂದ ಮಸುಕಾದರೆ ನಷ್ಟವಿಲ್ಲ. ಆತ್ಮರಕ್ಷಣೆಯಲ್ಲಿ ಎದುರಿಗಿರುವವನು ಮನುಷ್ಯ. ಅವನ ಕೈಯಲ್ಲಿರುವುದು ಚಾಕುವೋ ಮೊಬೈಲೋ, ಅವನು ಮುನ್ನುಗ್ಗುತ್ತಿರುವನೋ ಶರಣಾಗುತ್ತಿರುವನೋ ಎಂಬುದನ್ನು ಕಡೆಯ ಕ್ಷಣದವರೆಗೂ ಸ್ಪಷ್ಟವಾಗಿ ಕಾಣಬೇಕು. ಕಬ್ಬಿಣದ ಸೈಟು ಆ ಕ್ಷಣದಲ್ಲಿಯೇ ದೃಷ್ಟಿಯನ್ನು ಆಯುಧದತ್ತ ಸೆಳೆಯುತ್ತದೆ. ಕೆಂಪು ಚುಕ್ಕೆಯು ಅದನ್ನು ಮನುಷ್ಯನ ಮೇಲೆಯೇ ಇರಗೊಡುತ್ತದೆ. ನನ್ನ ಮತಕ್ಕೆ ಈ ಒಂದು ಕಾರಣವೇ ಸಾಕು.

ಆದರೂ ಮಣಿಕಟ್ಟು ತುಸು ಓರೆಯಾದರೆ ಗಾಜಿನಲ್ಲಿ ಚುಕ್ಕೆಯೇ ಕಾಣದು. ಹೊಸಬರು ಆಯುಧವನ್ನು ಅತ್ತಿತ್ತ ಹೊರಳಿಸುತ್ತ ಅದನ್ನು ಹುಡುಕುತ್ತಾರೆ. ಮಳೆಹನಿ ಬಿದ್ದರೆ ಚುಕ್ಕೆ ಚೆದರುತ್ತದೆ, ಬ್ಯಾಟರಿ ಮುಗಿದರೆ ಆರುತ್ತದೆ. ಆದಕಾರಣ ವಿವೇಕಿಗಳು ಗಾಜಿನ ಮೂಲಕವೂ ಕಾಣುವಷ್ಟು ಎತ್ತರದ ಕಬ್ಬಿಣದ ಸೈಟುಗಳನ್ನು ಅದೇ ಪಿಸ್ತೂಲಿನ ಮೇಲೆ ಉಳಿಸಿಕೊಂಡಿದ್ದಾರೆ.